ಹಾಸ್ಟೆಲಿನಲ್ಲಿ ಬಚ್ಚಿಡಲಾಗದ ಹಣ್ಣು

ಮಲೇಷ್ಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಆ ಜೋಡಿ ಗೋಪುರಗಳ ಬಗ್ಗೆ. ನೋಡಿದೆ, ಬಸ್ಸಿನ ಕಿಟಕಿಯಿಂದ. ಅದೂ ಒಂದನ್ನೇ. ಇನ್ನೊಂದಕ್ಕೆ ಮುಂದಿನ ಸೀಟಿನವರ ತಲೆ ಅಡ್ಡ ಬಂದಿತ್ತು. ಆರು ದಿನದಲ್ಲಿ ನಾನು ಕಣ್ತುಂಬ ನೋಡಿದ್ದು ಒಂದು ಹಾಸ್ಟೆಲನ್ನು. ವಿಜಯಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದು ನಿವೃತ್ತಳಾದವಳು ನಾನು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ನೌಕರಿಯಿಂದ ಅಂಟಿದ್ದು, ಆದರೂ ಹೋಗಿಲ್ಲ.

ಹೋಗಿದ್ದಕ್ಕೆ ಕಾರಣ ತಮ್ಮ ಶಿವಾನಂದನ ಮಗಳು ಪಲ್ಲವಿ. ಕಟ್ಟಡ ಕಟ್ಟುವ ಎಂಜಿನಿಯರಿಂಗ್ ಓದುತ್ತಾಳೆ. ಎರಡು ವರ್ಷ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಉಳಿದೆರಡು ವರ್ಷ ಅಮೆರಿಕದಲ್ಲಿ, ಹಾಗೊಂದು ಕೋರ್ಸು. ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ಅವಳಿಗೆ ಸೀಟು ಕೊಟ್ಟಿದ್ದವು. ಅವಳ ಮನಸ್ಸು ಇದ್ದದ್ದು ದೊಡ್ಡದರ ಮೇಲೆ. ಆದರೆ ಬಸ್ ಟಿಕೆಟಿನ ಹಿಂದುಗಡೆ ಬರೆದದ್ದನ್ನೂ ಬಿಡದೆ ಓದುವ ನನ್ನ ತಮ್ಮ ಅಲ್ಲಿನ ಹಾಸ್ಟೆಲ್ ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿಬಿಟ್ಟಿದ್ದ. ಇಪ್ಪತ್ತೊಂದು ತುಂಬಿದ, ಲೈಸೆನ್ಸ್ ಇರುವ ವಿದ್ಯಾರ್ಥಿಗಳು ರೂಮಿನಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದು. ಷರತ್ತು ಒಂದೇ, ಅದು ಯಾರಿಗೂ ಕಾಣಬಾರದು. ಮೊದಲ ವರ್ಷ ಎಲ್ಲರೂ ಹಾಸ್ಟೆಲಿನಲ್ಲೇ ಇರಬೇಕು, ಹೊರಗೆ ಮನೆ ಹಿಡಿಯುವಂತಿಲ್ಲ. ಸಣ್ಣದರಲ್ಲಿ ಪಿಸ್ತೂಲು ಹಾಸ್ಟೆಲಿನ ಬಾಗಿಲೊಳಗೇ ಬರುವಂತಿಲ್ಲ.

"ಅಕ್ಕಾ, ನಾ ಹೇಳಿದ್ರ ಜಗಳಾಕ್ಕೈತಿ" ಎಂದ ಶಿವಾನಂದ. "ನೀ ಹೋಗು. ಅದು ಬ್ಯಾಡ, ಸಣ್ಣ ಕಾಲೇಜಿಗೆ ಹೋಗಂತ ಹೇಳಿ ಬಾ. ನಿನ್ನ ಮಾತ ಕೇಳತಾಳ."

ಶುಕ್ರವಾರದೊಳಗೆ ಪಲ್ಲವಿ ಒಪ್ಪಿಗೆ ಕಳುಹಿಸಬೇಕಿತ್ತು. ಸೋಮವಾರ ನಾನು 'ಬ್ಯಾಡ' ಎಂಬ ಒಂದು ಶಬ್ದ ಹೊತ್ತು ಸಮುದ್ರ ದಾಟಿದೆ.

ವಿಮಾನ ನಿಲ್ದಾಣ

ಆ ಶಬ್ದದ ಜೊತೆಗೆ ಬ್ಯಾಗಿನಲ್ಲಿ ಎರಡು ಡಜನ್ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಹಳೆಯ ಸೀರೆಯೊಳಗೆ ಸುತ್ತಿದ ನೀರು ಕಾಯಿಸುವ ಕಾಯಿಲ್ ಇದ್ದವು. ಈ ಕಾಯಿಲಿಗೆ ಒಂದು ಚರಿತ್ರೆ ಇದೆ. ಹುಡುಗಿಯರು ರೂಮಿನಲ್ಲಿ ಕದ್ದು ಚಹಾ ಕಾಯಿಸಿ ಇಡೀ ಹಾಸ್ಟೆಲಿನ ಫ್ಯೂಸು ಹಾರಿಸುತ್ತಿದ್ದುದರಿಂದ ನಾನು ವಶಪಡಿಸಿಕೊಂಡ ಕಾಯಿಲುಗಳು ಒಂದು ಗೋಣಿಚೀಲದಷ್ಟಿದ್ದವು. ನಿವೃತ್ತಿಯ ದಿನ ಒಂದನ್ನು ನೆನಪಿಗೆಂದು ಮನೆಗೆ ತಂದಿದ್ದೆ.

ಕೌಲಾಲಂಪುರದ ನಿಲ್ದಾಣದಲ್ಲಿ ತಲೆವಸ್ತ್ರ ಕಟ್ಟಿದ ಅಧಿಕಾರಿ ಹುಡುಗಿ ಅದನ್ನು ಸೀರೆಯಿಂದ ಬಿಡಿಸಿ ಬೆಳಕಿಗೆ ಎತ್ತಿ ಹಿಡಿದಳು. ಸುರುಳಿ ಸುತ್ತಿದ ಕಬ್ಬಿಣ, ತುದಿಗೆ ತಂತಿ. ಇದೇನು, ಯಾಕೆ ಬಚ್ಚಿಟ್ಟಿದ್ದೀರಿ ಎಂದು ಕೇಳಿದಳು. ಬಚ್ಚಿಟ್ಟಿಲ್ಲ ಎನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಬಚ್ಚಿಟ್ಟಿದ್ದೆ. ಬೆರಳುಗಳಿಂದ ಹಬೆ ಏಳಿಸಿ ತೋರಿಸಿ, ಲೋಟ ಹಿಡಿದಂತೆ ಮಾಡಿ, ಸೊರ್ ಎಂದು ಚಹಾ ಕುಡಿದೆ. ಆಕೆ ಪಕ್ಕದವಳನ್ನು ಕರೆದಳು, ಅವಳಿಗಾಗಿ ಇನ್ನೊಮ್ಮೆ ಕುಡಿದು ತೋರಿಸಬೇಕಾಯಿತು. ಇಬ್ಬರೂ ನಕ್ಕು ಕಳುಹಿಸಿಕೊಟ್ಟರು. ಅಷ್ಟು ನಾಟಕವಾಡಿ ಒಯ್ದ ಕಾಯಿಲಿನ ಪಿನ್ನು ಅಲ್ಲಿಯ ಗೋಡೆಯ ಚೌಕದ ತೂತಿಗೆ ಹೊಂದಲೇ ಇಲ್ಲ.

ಪೆಟಾಲಿಂಗ್ ಜಯಾ, ಹಾಸ್ಟೆಲಿನ ಬಾಗಿಲು

ಹಾಸ್ಟೆಲ್ ಎಂದರೆ ಹದಿನೆಂಟು ಮಹಡಿಯ ಕಟ್ಟಡ. ಕಾರ್ಡು ತೋರಿಸಿದರೆ ಬಾಗಿಲು ತಾನೇ ತೆರೆಯುತ್ತದೆ, ಲಿಫ್ಟಿಗೂ ಕಾರ್ಡು. ನೇಪಾಳದ ಸೆಕ್ಯುರಿಟಿಯವನು ನನ್ನ ಹೆಸರು ಬರೆಸಿಕೊಂಡ. ನೆಲಮಹಡಿಯಲ್ಲಿ ಊರಿಂದ ಬರುವ ತಾಯಂದಿರಿಗೆಂದೇ ಒಂದು ಕೋಣೆ, ಅದರಲ್ಲಿ ನನ್ನ ವಸತಿ. ಆ ಸೌಕರ್ಯ ನಮ್ಮ ಹಾಸ್ಟೆಲಿನಲ್ಲಿ ಇದ್ದಿದ್ದರೆ ಎಷ್ಟೋ ತಾಯಂದಿರು ಆಫೀಸಿನ ಬೆಂಚಿನ ಮೇಲೆ ಮಲಗುವುದು ತಪ್ಪುತ್ತಿತ್ತು.

ಬಾಗಿಲ ಮೇಲೊಂದು ಫಲಕ. ಸಿಗರೇಟಿಗೆ ಕೆಂಪು ಗೀಟು, ಬೆಕ್ಕಿಗೆ ಕೆಂಪು ಗೀಟು, ಮೂರನೆಯ ಚಿತ್ರ ಮುಳ್ಳುಮುಳ್ಳಾದ ಒಂದು ಉಂಡೆ, ಅದಕ್ಕೂ ಕೆಂಪು ಗೀಟು.

"ಇದೇನು ಬಾಂಬೇ?" ಎಂದು ವಾರ್ಡನ್ನರನ್ನು ಕೇಳಿದೆ.

ವಾರ್ಡನ್ನರ ಹೆಸರು ಪುವಾನ್ ರೊಹಾನಾ. ಪುವಾನ್ ಎಂದರೆ ಶ್ರೀಮತಿ. ಐವತ್ತರ ಆಸುಪಾಸಿನ ಗುಂಡನೆಯ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಕಾರ್ಡಿನಿಂದ ತೆರೆಯುವ ಬಾಗಿಲುಗಳ ನಡುವೆ ಆ ಗೊಂಚಲು ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಗೊಂಚಲು ಈಗಲೂ ಮನೆಯ ಮೊಳೆಗೆ ತೂಗುತ್ತಿದೆ. ಆಕೆಯದು ಮಲೇಷ್ಯಾದ ಇಂಗ್ಲಿಷು, ನನ್ನದು ವಿಜಯಪುರದ್ದು, ಹಾಗಾಗಿ ಇಬ್ಬರಿಗೂ ಎಲ್ಲವೂ ತಿಳಿಯಿತು.

"ಬಾಂಬಲ್ಲ ಕಾಕ್, ಡುರಿಯನ್ ಹಣ್ಣು ಲಾ" ಎಂದರು. ಕಾಕ್ ಎಂದರೆ ಅಕ್ಕ. ಮಾತಿನ ಬಾಲಕ್ಕೆ 'ಲಾ' ಅಂಟಿಸುವುದು ಅಲ್ಲಿಯ ರೂಢಿ, ನಾವು 'ರಿ' ಅನ್ನುವ ಹಾಗೆ. "ಒಂದು ಹಣ್ಣು ಬಂದರೆ ಮೂರು ದಿನ ಇಡೀ ಮಹಡಿ ನಾರುತ್ತದೆ."

"ಪಿಸ್ತೂಲಿನ ಚಿತ್ರ ಇಲ್ಲವಲ್ಲ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪಿಸ್ತೂಲು? ಇಲ್ಲಿ ಜೇಬಿನಲ್ಲಿ ಒಂದು ಗುಂಡು ಸಿಕ್ಕರೂ ಜೈಲು. ಆನೆ ತರಬೇಡಿ ಅಂತಲೂ ಬರೆಸಿಲ್ಲ ಲಾ."

ಹನ್ನೆರಡನೆಯ ಮಹಡಿ

ಪಲ್ಲವಿಯ ರೂಮ್‌ಮೇಟ್ ಮೇ ಲಿನ್ ಪೆನಾಂಗಿನವಳು, ಅವಳ ತಂದೆ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಬ್ಯಾಡ್ಮಿಂಟನ್ ಆಡಲು ಹೋಗಿ ಪಾದ ಉಳುಕಿಸಿಕೊಂಡು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಾಸಿಗೆ ಹಿಡಿದಿದ್ದಳು. ಡುರಿಯನ್ ಕಾಲ ಹೊರಗೆ ಕಳೆದುಹೋಗುತ್ತಿದೆ, ನಾನಿಲ್ಲಿ ಬಿದ್ದಿದ್ದೇನೆ ಎಂಬುದೊಂದೇ ಅವಳ ದುಃಖ.

ನಾನು ಕುರ್ಚಿಯಲ್ಲಿ ಕೂತು ಸುಮ್ಮನೆ ಉಸಿರೆಳೆದೆ. ನೌಕರಿಯಲ್ಲಿದ್ದಾಗಲೂ ಸುಮ್ಮಸುಮ್ಮನೆ ಕಪಾಟು ತೆರೆಸಿದವಳಲ್ಲ ನಾನು. ಮೂಗಿಗೆ ಒಂದರ್ಧ ಕೆಲಸ, ಕಣ್ಣಿಗೆ ಇನ್ನರ್ಧ. ಬಚ್ಚಿಟ್ಟವರು ಬಚ್ಚಿಟ್ಟ ಜಾಗವನ್ನು ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಾರೆ.

"ಒಗ್ಯಾಣ ಅರಿವಿ ಬುಟ್ಟ್ಯಾಗ ಅನ್ನದ ಕುಕ್ಕರ್ ಐತಿ" ಎಂದೆ.

"ಅತ್ತಿ, ಪ್ಲೀಸ್ ಲಾ" ಎಂದು ಪಲ್ಲವಿ ಎದ್ದು ಬಾಗಿಲು ಹಾಕಿದಳು. "ಬಂದು ಐದು ಮಿನಿಟ್ ಆಗಿಲ್ರಿ."

ಆಮೇಲೆ ತಾನೇ ವಿಷಯಕ್ಕೆ ಬಂದಳು. "ಅಪ್ಪ ನಿಮ್ಮನ್ನ ಯಾಕ ಕಳಿಸ್ಯಾನ ಅಂತ ಗೊತ್ರಿ ನನಗ." ಲ್ಯಾಪ್‌ಟಾಪಿನಲ್ಲಿ ಆ ದೊಡ್ಡ ವಿಶ್ವವಿದ್ಯಾಲಯದ ವೀಡಿಯೊ ತೋರಿಸಿದಳು. ಒಂದು ಷೆಡ್ಡಿನೊಳಗೆ ದೊಡ್ಡ ಕಬ್ಬಿಣದ ಹಾಸು, ಅದರ ಮೇಲೆ ನಿಜವಾದ ಎರಡಂತಸ್ತಿನ ಮನೆ. ಗುಂಡಿ ಒತ್ತಿದರೆ ಹಾಸು ಭೂಕಂಪದಂತೆ ನಡುಗುತ್ತದೆ. ಯಾವ ಗೋಡೆ ಮೊದಲು ಬಿರುಕು ಬಿಡುತ್ತದೆ ಎಂದು ಹುಡುಗರು ಹುಡುಗಿಯರು ನಿಂತು ಬರೆದುಕೊಳ್ಳುತ್ತಾರೆ. ಅದನ್ನು ತೋರಿಸುವಾಗ ಅವಳೂ ಬಿರುಕುಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು. ನಾಲ್ಕು ವರ್ಷದವಳಿದ್ದಾಗ ನಮ್ಮ ಮನೆಯ ಚಪಾತಿ ಮಣೆ ಅಲುಗಾಡಿಸಿ ಅದರ ಮೇಲಿನ ಇಸ್ಪೀಟಿನ ಮನೆ ಬೀಳಿಸುತ್ತಿದ್ದ ಹುಡುಗಿ ಇವಳೇ.

"ಸಣ್ಣ ಕಾಲೇಜಿನಾಗೂ ಇಂಥಾದ್ದ ಐತಂತಲ್ಲ?"

"ಅಲ್ಲೀದು ಆಟಗಿ ಸಾಮಾನಿದ್ದಂಗ ಐತ್ರಿ. ಮತ್ತ ಈ ರೂಲ್ ಇದ್ದ ಕಡೆ ಸಾವಿರಾರು ಮಂದಿ ಓದ್ತಾರ. ಅವರಿಗೆಲ್ಲಾ ಏನಾಗೇತಿ?"

ಏನೂ ಆಗಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು. ಹೇಳಲಿಲ್ಲ. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೊತ್ತು ತಂದ 'ಬ್ಯಾಡ'ವನ್ನೂ ಹೊರತೆಗೆಯಲಿಲ್ಲ. ಮೂರು ದಿನ ಇಬ್ಬರೂ ಊಟ, ಬಟ್ಟೆ, ಊರಿನ ಮದುವೆಗಳ ಬಗ್ಗೆ ಮಾತ್ರ ಮಾತನಾಡಿದೆವು.

ಹಣ್ಣಿನ ಅಂಗಡಿ

ಗುರುವಾರ ಮಧ್ಯಾಹ್ನ ಪಲ್ಲವಿ ಕ್ಲಾಸಿನಲ್ಲಿದ್ದಾಗ ಒಬ್ಬಳೇ ಹೊರಬಿದ್ದೆ. ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲೊಂದರಲ್ಲಿ ಪರೋಟಾದಂಥ ರೊಟ್ಟಿ ತಿಂದೆ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಕರ್ಚೀಫಿನಷ್ಟು ತೆಳ್ಳಗೆ ಮಾಡುತ್ತಾರೆ. ನಮ್ಮ ಕಡೆ ರೊಟ್ಟಿ ಬಡಿಯುವ ಹೆಂಗಸರು ನೋಡಿದರೆ ಇದೇನು ಕಸರತ್ತು ಅಂದಾರು. ಮೀನಿಲ್ಲದ್ದು ಕೊಡಪ್ಪ ಎಂದು ಮೂರು ಸಲ ಹೇಳಿ, ಬಂದ ಸಾರನ್ನು ಮೂಸಿ, ಆಮೇಲೆ ಸಕ್ಕರೆ ಹಚ್ಚಿಕೊಂಡು ತಿಂದೆ.

ಪಕ್ಕದ ಬೀದಿಯಲ್ಲಿ ಡುರಿಯನ್ ಅಂಗಡಿಗಳ ಸಾಲು. ಹಲಸಿನ ಹಣ್ಣನ್ನು ಈರುಳ್ಳಿ ಬುಟ್ಟಿಯಲ್ಲಿ ವಾರ ಮುಚ್ಚಿಟ್ಟು ತೆರೆದರೆ ಬರುವ ವಾಸನೆ. ಸೆರಗು ಮೂಗಿಗೆ ಒತ್ತಿ ಹೊರಟವಳನ್ನು ಅಂಗಡಿಯಜ್ಜ ಕರೆದು ಒಂದು ತೊಳೆ ಕೈಗಿಟ್ಟ. ಮರ್ಯಾದೆಗೆಂದು ಬಾಯಿಗಿಟ್ಟೆ. ಬಾಸುಂದಿಯನ್ನು ಸೋಸಿ ಬೆಣ್ಣೆ ಕಲಸಿದಂತಿತ್ತು. ಅಲ್ಲೇ ನಿಂತು ಇನ್ನೂ ಐದು ತೊಳೆ ತಿಂದೆ. ತಿನ್ನುವಾಗ ಪ್ಲಾಸ್ಟರ್ ಕಾಲಿನ ಮೇ ಲಿನ್ ನೆನಪಾದಳು.

ಮುಂದೆ ಮಾಡಿದ್ದಕ್ಕೆ ನಾನೇ ಹೊಣೆ. ತೊಳೆಗಳನ್ನು ಡಬ್ಬಿಗೆ ಹಾಕಿಸಿ, ಡಬ್ಬಿಗೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಬ್ಯಾಗಿನ ತಳಕ್ಕಿಟ್ಟು, ಮೇಲೆ ಶಾಲು ಹೊದಿಸಿ, ಕಿರಾಣಿ ಅಂಗಡಿಯಿಂದ ಒಂದು ಪೊಟ್ಟಣ ಕರ್ಪೂರ ಕೊಂಡು ಸುತ್ತ ಉದುರಿಸಿದೆ. ಮೂವತ್ತೊಂದು ವರ್ಷ ಹುಡುಗಿಯರಿಂದ ಕಲಿತ ವಿದ್ಯೆ ಎಲ್ಲ ಹೊರಬಂತು. ಸೆಕ್ಯುರಿಟಿಯವನಿಗೆ ನಮಸ್ತೆ ಹೇಳಿ ನಿಲ್ಲದೆ ಒಳನಡೆದೆ. ಲಿಫ್ಟಿನಲ್ಲಿದ್ದ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಮೇಲಿನ ಅಂಕಿಗಳನ್ನು ಓದುತ್ತ ನಿಂತೆ.

ಪಲ್ಲವಿಯ ರೂಮು ಸೇರಿ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ, ಪುವಾನ್ ರೊಹಾನಾ ಬಾಗಿಲಲ್ಲಿ ನಿಂತಿದ್ದರು. ಕಪಾಟು ತೆರೆಸಲಿಲ್ಲ. ಕಣ್ಣು ಮುಚ್ಚಿ ಎರಡು ಸಲ ಮೂಸಿದರು. ಮೇ ಲಿನ್‌ಳನ್ನು ನೋಡಿದರು, ಆಗಷ್ಟೇ ಕ್ಲಾಸಿನಿಂದ ಬಂದ ಪಲ್ಲವಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಫ್ಯಾನು, ಕಿಟಕಿ, ಗೋಡೆಯ ಕ್ಯಾಲೆಂಡರ್ ಎಲ್ಲ ನೋಡುತ್ತಿದ್ದೆ, ನನ್ನ ಬ್ಯಾಗೊಂದನ್ನು ಬಿಟ್ಟು.

"ಕಾಕ್, ಕೊಡಿ ಲಾ" ಎಂದರು.

ತಪ್ಪಿಗೆ ಅಲ್ಲಿಯೂ ಮುಚ್ಚಳಿಕೆ ಬರೆದುಕೊಡಬೇಕಂತೆ. ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಪುಸ್ತಕ ಕೊಟ್ಟರು. ಹುಡುಗಿಯರಿಗೆ ನಾನೇ ಹೇಳಿ ಬರೆಸುತ್ತಿದ್ದ ವಾಕ್ಯ ಕೈಗೆ ತಾನೇ ಬಂತು: 'ಹಾಸ್ಟೆಲಿನಲ್ಲಿ ಇಡಬಾರದ ವಸ್ತುವನ್ನು ಬಚ್ಚಿಟ್ಟಿದ್ದು ನನ್ನ ತಪ್ಪು. ಜೊತೆಗಿರುವವರಿಂದ ಇನ್ನು ಮುಂದೆ ಏನನ್ನೂ ಮುಚ್ಚಿಡುವುದಿಲ್ಲ.' ಪಲ್ಲವಿ ಹೆಗಲ ಮೇಲಿಂದ ಬಗ್ಗಿ ಓದಿ, ನಗು ತಡೆಯಲಾಗದೆ ಹಾಸಿಗೆಯ ಮೇಲೆ ಉರುಳಿದಳು.

ಹಿಂಬಾಗಿಲ ಮೆಟ್ಟಿಲು

ನಿಯಮ ಬಾಗಿಲ ಒಳಗಿನದು, ಹೊರಗೆ ಅದು ಬರೀ ಹಣ್ಣು ಎಂಬುದು ಪುವಾನ್ ರೊಹಾನಾರ ನ್ಯಾಯ. ಮೇ ಲಿನ್‌ಳನ್ನೂ ಲಿಫ್ಟಿನಲ್ಲಿ ಕುಂಟಿಸಿಕೊಂಡು ಇಳಿಸಿ, ಹಿಂಬಾಗಿಲ ಮೆಟ್ಟಿಲ ಮೇಲೆ ನಾಲ್ವರೂ ಕೂತು ಆ ಡಬ್ಬಿ ಖಾಲಿ ಮಾಡಿದೆವು. ಅರ್ಧಕ್ಕಿಂತ ಹೆಚ್ಚು ತಿಂದವರು ವಾರ್ಡನ್ನರೇ.

ತಿನ್ನುತ್ತ ಅವರು ಕೇಳಿದರು, ಅಷ್ಟು ದೂರದಿಂದ ಬಂದು ಊರು ನೋಡದೆ ನನ್ನ ಹಾಸ್ಟೆಲ್ ಯಾಕೆ ನೋಡುತ್ತಿದ್ದೀರಿ ಎಂದು. ಅಮೆರಿಕದ ನಿಯಮ ಹೇಳಿದೆ. ಅವರ ಕೈಯ ತೊಳೆ ಕೈಯಲ್ಲೇ ಉಳಿಯಿತು. "ಹಣ್ಣಾದರೆ ನನ್ನ ಮೂಗು ಹಿಡಿಯುತ್ತದೆ. ಅದಕ್ಕೆ ವಾಸನೆ ಇಲ್ಲವಲ್ಲ ಕಾಕ್."

"ಇದೆ" ಎಂದೆ. "ಹೊಲಿಗೆ ಯಂತ್ರದ ಎಣ್ಣೆಯ ವಾಸನೆ."

ಮೂವರೂ ನನ್ನ ಕಡೆ ತಿರುಗಿದರು. ಆಡಿದ ಮಾತನ್ನು ನುಂಗುವಂತಿರಲಿಲ್ಲ, ಹೇಳಿದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಒಂದು ರಜೆಯ ಮಧ್ಯಾಹ್ನ ರೂಮುಗಳನ್ನು ನೋಡುತ್ತ ಬಂದಾಗ ಏಳನೆಯ ರೂಮಿನಲ್ಲಿ ಆ ವಾಸನೆ ಬಂತು. ಹೊಲಿಗೆ ಯಂತ್ರ ಇಲ್ಲದ ರೂಮು. ಒಂದು ಟ್ರಂಕಿಗೆ ಹೊಸ ಬೀಗ ಬಿದ್ದಿತ್ತು. ಅದರ ಒಡತಿ ಉಳಿದವರಿಗಿಂತ ಮೊದಲು ಊರಿಂದ ಬಂದಾಗ ತೆರೆಸಿದರೆ, ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ ಲುಂಗಿಯಲ್ಲಿ ಸುತ್ತಿದ ಕಂಟ್ರಿ ಪಿಸ್ತೂಲು. ಹೊಲದ ಕಾಗದ, ಬಿಚ್ಚಬೇಡ ಎಂದು ಹೇಳಿ ಅಣ್ಣ ಕೊಟ್ಟಿದ್ದನಂತೆ. ಹುಡುಗಿಯರ ಹಾಸ್ಟೆಲಿನಲ್ಲಿ ಯಾರು ಹುಡುಕುತ್ತಾರೆ ಎಂಬುದು ಅವನ ಲೆಕ್ಕ. ಅವಳ ತಂದೆಯನ್ನು ಕರೆಸಿ, ಇಬ್ಬರೂ ಹೋಗಿ ಅದನ್ನು ಪೊಲೀಸರಿಗೆ ಒಪ್ಪಿಸಿದೆವು. ಅಣ್ಣ ಜೈಲಿಗೆ ಹೋದ. ಆದರೆ ಮೂರು ವಾರ ಅದು ನಾಲ್ಕು ಹುಡುಗಿಯರ ನಡುವೆ ಮಂಚದ ಕೆಳಗಿತ್ತು. ಏನೂ ಆಗಲಿಲ್ಲ. ಆ ಏನೂ ಆಗದ ಮೂರು ವಾರ ನೆನೆದರೆ ನನಗೆ ಇವತ್ತಿಗೂ ಬೆವರು ಬರುತ್ತದೆ.

ಪಲ್ಲವಿ ಕೇಳಿದಳು, "ಉಳದ ಮೂರು ಹುಡಿಗ್ಯಾರಿಗೆ ಹೇಳಿದ್ರೇನ್ರಿ?"

"ಇಲ್ಲ."

"ಯಾಕ?"

"ಹೆದರತಾರಂತ. ಗೊತ್ತಿಲ್ದ ಆರಾಮ ಮಲಗಿದ್ರು, ಹಂಗ ಇರಲಿ ಅಂತ."

"ಅವರು ಮಲಗಿದ ರೂಮು ಅದು, ಅತ್ತಿ. ಅವರಿಗೆ ಗೊತ್ತಿರಬೇಕಿತ್ತು."

ಪುವಾನ್ ರೊಹಾನಾಗೆ ಕನ್ನಡ ತಿಳಿಯಲಿಲ್ಲ, ನನ್ನ ಮುಖ ತಿಳಿಯಿತು. ಕೊನೆಯ ತೊಳೆಯನ್ನು ನನ್ನ ಕಡೆ ದೂಡಿದರು. 'ಬ್ಯಾಡ' ಎಂದು ಹೇಳುವ ಯೋಗ್ಯತೆ ನನಗಿಲ್ಲ ಎಂದು ಅಲ್ಲೇ ಗೊತ್ತಾಯಿತು. "ನಿನಗ ತಿಳದಂಗ ಮಾಡು" ಎಂದೆ ಪಲ್ಲವಿಗೆ. ಅವಳು ಆ ದೊಡ್ಡ ವಿಶ್ವವಿದ್ಯಾಲಯಕ್ಕೆ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಒಂದು ಪ್ರಶ್ನೆ ಕಳುಹಿಸಿದಳು: ನನ್ನ ರೂಮಿನಲ್ಲಿರುವವರ ಹತ್ತಿರ ಪಿಸ್ತೂಲು ಇದ್ದರೆ ನನಗೆ ತಿಳಿಸುತ್ತೀರಾ?

ಬ್ರಿಕ್‌ಫೀಲ್ಡ್ಸ್

ಶುಕ್ರವಾರ ಪಲ್ಲವಿ ನನ್ನನ್ನು ಕೌಲಾಲಂಪುರದ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ಗೆ ಕರೆದೊಯ್ದಳು. ನಮ್ಮವರ ಕಿರಾಣಿ ಅಂಗಡಿ, ಸೀರೆ ಅಂಗಡಿ, ಮಲ್ಲಿಗೆ ಮಾಲೆ. ನಾಲ್ಕು ದಿನದ ನಂತರ ಇಡ್ಲಿ ಕಂಡು ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ತಿನ್ನುತ್ತಿರುವಾಗ ಪಲ್ಲವಿ ಫೋನು ನನ್ನ ಮುಂದಿಟ್ಟಳು. ಅಮೆರಿಕದಿಂದ ಬಂದ ಉತ್ತರ ಬಹಳ ಸೌಜನ್ಯದ್ದು. ಯಾರ ಬಳಿ ಇದೆ ಎಂದು ನಾವು ಕೇಳುವುದಿಲ್ಲ, ಆದ್ದರಿಂದ ನಿಮಗೆ ತಿಳಿಸಲಾಗುವುದಿಲ್ಲ, ನಿಮ್ಮ ಆಸಕ್ತಿಗೆ ವಂದನೆಗಳು.

"ಏನ್ ಮಾಡ್ತಿ?"

"ಮೊದಲ ನೀವು ಮಾಡ್ರಿ" ಎಂದಳು. "ಮುಚ್ಚಳಿಕಿ ಬರದೀರಲ್ಲ. ಆ ಮೂವರೊಳಗ ಒಬ್ಬರಿಗೆ ಫೋನ್ ಹಚ್ಚರಿ."

ಶೋಭಾಳ ನಂಬರು ಇತ್ತು. ಈಗ ಜಮಖಂಡಿಯಲ್ಲಿ ಕಾಲೇಜು ಉಪನ್ಯಾಸಕಿ, ನನಗೆ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳುಹಿಸುವವಳು. ಕೈ ಒರೆಸಿಕೊಂಡು ಹಚ್ಚಿದೆ. ಪಲ್ಲವಿ ಸ್ಪೀಕರ್ ಒತ್ತಿದಳು. ಕ್ಷೇಮ ಸಮಾಚಾರ ಮುಗಿಸಿ, ಏಳನೆಯ ರೂಮಿನ ಟ್ರಂಕಿನ ಸಂಗತಿ ಹೇಳಿ, ನಿಮ್ಮಿಂದ ಮುಚ್ಚಿಟ್ಟಿದ್ದು ತಪ್ಪಾಯಿತು ಶೋಭಾ ಎಂದೆ.

ಆ ಕಡೆ ಮಿಕ್ಸರಿನ ಸದ್ದು ನಿಂತಿತು. "ನಮಗ ಗೊತ್ತಿತ್ರಿ ಮೇಡಂ."

"ಏನ್ ಗೊತ್ತಿತ್ತು?"

"ಅಕಿನ ಬಿಚ್ಚಿ ತೋರಿಸಿದ್ಲ್ರಿ, ಎರಡನೇ ದಿನಕ್ಕ. ಅಳಕೋತ ತೋರಿಸಿದ್ಲು. ಮೂರು ವಾರ ಸರತಿ ಮ್ಯಾಲೆ ಮಲಗಿದ್ವಿ. ಮೂವರು ಮಲಗಿದ್ರ ಒಬ್ಬಾಕಿ ಟ್ರಂಕಿನ ಮ್ಯಾಲೆ ಕುಂದ್ರೂದು. ಆ ಸಲ ನಾವು ನಾಲ್ಕೂ ಮಂದಿ ಗಣಿತದಾಗ ಫೇಲ್ ಆದ್ವಿ, ನೆನಪೈತೇನ್ರಿ? ಸಿನಿಮಾ ಹುಚ್ಚು ಅಂತ ನೀವು ಬೈದ್ರಿ."

ನೆನಪಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಲ್ಲಿಸಿ ಬೈದಿದ್ದೆ.

"ನನಗ್ಯಾಕ ಹೇಳಲಿಲ್ಲವಾ?"

"ಹೇಳಿದ್ರ ಮನಿಯವರು ಹಾಸ್ಟೆಲ್ ಬಿಡಿಸಿ ಲಗ್ನ ಮಾಡತಿದ್ರು. ಮತ್ತ..." ಶೋಭಾ ನಕ್ಕಳು. "ನೀವು ಹೆದರತೀರಿ ಅಂತ್ರಿ."

ನನಗೆ ಅಳು ಬಂತು, ಅದರ ಜೊತೆ ನಗುವೂ ಬಂತು. ಪಕ್ಕದ ಮೇಜಿನ ತಮಿಳಮ್ಮ ನೀರಿನ ಲೋಟ ನನ್ನ ಕಡೆ ಸರಿಸಿದಳು. ಫೋನು ಇಟ್ಟ ಮೇಲೆ ಪಲ್ಲವಿ ತನ್ನ ಮಲ್ಲಿಗೆಯಲ್ಲಿ ಅರ್ಧ ಹರಿದು ನನ್ನ ಮುಡಿಗೆ ಸಿಕ್ಕಿಸಿದಳು. ಆ ವೀಡಿಯೊವನ್ನು ಇನ್ನೊಮ್ಮೆ ಹಚ್ಚಿದಳು. ಎರಡಂತಸ್ತಿನ ಮನೆ ನಡುಗಿತು, ಗೋಡೆ ಬಿರುಕು ಬಿಟ್ಟಿತು, ಹುಡುಗಿಯೊಬ್ಬಳು ಬರೆದುಕೊಂಡಳು. ಮುಗಿಯುವವರೆಗೂ ನೋಡಿ ಮುಚ್ಚಿದಳು.

"ನನಗ ಟ್ರಂಕಿನ ಮ್ಯಾಲೆ ಕುಂತು ಓದಾಕ ಆಗೂದಿಲ್ರಿ ಅತ್ತಿ" ಎಂದಳು. ಕಣ್ಣು ತುಂಬಿದ್ದವು. ಎರಡು ಹೆಬ್ಬೆರಳಿನಿಂದ ಟಪಟಪ ಒತ್ತಿ, ದೊಡ್ಡದಕ್ಕೆ ಇಲ್ಲ, ಸಣ್ಣದಕ್ಕೆ ಹೂಂ ಎಂದು ಕಳುಹಿಸಿಬಿಟ್ಟಳು.

ಆಮೇಲೆ ಅಪ್ಪನಿಗೆ ತಾನೇ ಫೋನು ಮಾಡಿದಳು. ಶಿವಾನಂದನಿಗೆ ಹಿಗ್ಗೋ ಹಿಗ್ಗು. "ಅಕ್ಕಾ, ನೀ ಬ್ಯಾಡ ಅಂದ ಕೂಡ್ಲೆ ಕೇಳಿದ್ಲು ನೋಡು" ಎಂದ. ನಾನು ಬ್ಯಾಡ ಅನ್ನಲೇ ಇಲ್ಲ ಎಂದರೆ ಅವನು ನಂಬಲಿಲ್ಲ, ಇವತ್ತಿಗೂ ನಂಬಿಲ್ಲ.

ರೈಲಿನಲ್ಲಿ ಹಿಂದಿರುಗುವಾಗ ಪಲ್ಲವಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. "ಆ ಸಣ್ಣ ಕಾಲೇಜಿನಾಗ ನಡಗೂ ಟೇಬಲ್ ಭಾಳ ಸಣ್ಣದ್ರಿ ಅತ್ತಿ. ಎರಡಂತಸ್ತಿನ ಮನಿ ಹಿಡಿಯೂದಿಲ್ಲ. ಒಂದು ಖೋಲಿ ಮನಿ ಅಷ್ಟ ನಿಲ್ಲತೈತಿ."

"ಒಂದು ಖೋಲಿ ಮನ್ಯಾಗ ಇರೋರೂ ಮಂದೀನ ಅಲ್ಲೇನವಾ" ಎಂದೆ. "ಮೊದಲ ಅವರ ಗ್ವಾಡಿ ಬೀಳದಂಗ ನೋಡು."

ಅವಳು ಬ್ಯಾಗಿನಿಂದ ಪೆನ್ನು ತೆಗೆದು, ಇಡ್ಲಿ ಕಟ್ಟಿಸಿಕೊಂಡ ಕಾಗದದ ಮೇಲೆ, ನಾಲ್ಕು ಗೋಡೆ ಒಂದು ಬಾಗಿಲಿನ ಮನೆಯೊಂದನ್ನು ಬರೆಯತೊಡಗಿದಳು.